ಸೋಲಾರ್ ಇರುವ ಕಟ್ಟಡದಲ್ಲಿ ಜನರೇಟರ್ ಶುರುವಾದಾಗ

ಕರೆಂಟ್ ಹೋಗಿದೆ, ಜನರೇಟರ್ ಓಡುತ್ತಿದೆ, ಚಾವಣಿ ಮೇಲೆ ಒಳ್ಳೇ ಬಿಸಿಲು. ಸೋಲಾರ್ ಕೂಡ ಕೈ ಜೋಡಿಸಿದರೆ ಡೀಸೆಲ್ ಉಳಿಯುತ್ತದೆ, ಅಲ್ವಾ? ಈ ಪಾಠ ಕಲಿಯಲು ಶುರು ಮಾಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಡೀಸೆಲ್ ಉಳಿಯುವುದು ನಿಜ. ಆದರೆ ಸುಮ್ನೆ ಸೇರಿಸಿಬಿಟ್ಟರೆ ಜನರೇಟರೇ ಹಾಳಾಗಬಹುದು.

ಮೊದಲು ಇನ್ವರ್ಟರ್, ಅಂದರೆ ಸೋಲಾರಿನ ಡಿಸಿಯನ್ನು ಏಸಿ ಕರೆಂಟ್ ಮಾಡುವ ಪೆಟ್ಟಿಗೆ, ಅದರ ಸ್ವಭಾವ ನೋಡೋಣ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ (ಗ್ರಿಡ್, ಅಂದರೆ ಹೊರಗಿನ ಕರೆಂಟ್ ಲೈನಿಗೆ ಸೇರಿದ) ಇನ್ವರ್ಟರ್ ತಾನಾಗಿ ವೋಲ್ಟೇಜ್ ಕಟ್ಟಿ ನಿಲ್ಲಿಸುವುದಿಲ್ಲ. ಲೈನಿನಲ್ಲಿರುವ ವೋಲ್ಟೇಜ್, ಫ್ರೀಕ್ವೆನ್ಸಿ ನೋಡಿಕೊಂಡು ಅದರ ತಾಳಕ್ಕೆ ಕರೆಂಟ್ ತಳ್ಳುತ್ತದೆ. ಲೈನ್ ಸತ್ತರೆ ತಾನೂ ನಿಲ್ಲುತ್ತದೆ. ಐಇಇಇ 1547 ಅನ್ನುವ ಮಾನದಂಡದ ಪ್ರಕಾರ 2 ಸೆಕೆಂಡಿನೊಳಗೆ ನಿಲ್ಲಬೇಕು, ಇಲ್ಲದಿದ್ದರೆ ಲೈನ್ ರಿಪೇರಿ ಮಾಡುವವರ ಜೀವಕ್ಕೆ ಅಪಾಯ. ಇದಕ್ಕೆ ಆಂಟಿ-ಐಲ್ಯಾಂಡಿಂಗ್ ಅನ್ನುತ್ತಾರೆ.

ಆದರೆ ಆ ವೋಲ್ಟೇಜ್ ಯಾರದ್ದು ಅಂತ ಇನ್ವರ್ಟರ್‌ಗೆ ತಿಳಿಯುವುದಿಲ್ಲ. ಜನರೇಟರ್ ವೋಲ್ಟೇಜ್ ಕೊಟ್ಟರೂ ಅದು ಗ್ರಿಡ್ ಬಂತು ಅಂದುಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ಇರುವಷ್ಟು ಹೊತ್ತು, ಸಾಮಾನ್ಯವಾಗಿ ಒಂದರಿಂದ ಐದು ನಿಮಿಷ, ಕಾದು ಸೇರಿಕೊಳ್ಳುತ್ತದೆ. ಗ್ರಿಡ್‌ಗೆ ಹೆಚ್ಚುವರಿ ಸುರಿದರೆ ಅಕ್ಕಪಕ್ಕದವರು ಬಳಸುತ್ತಾರೆ. ಜನರೇಟರ್‌ಗೆ ಅಕ್ಕಪಕ್ಕದವರೇ ಇಲ್ಲ. ಗಲಾಟೆಯೆಲ್ಲ ಇಲ್ಲಿಂದಲೇ ಶುರು.

ಲೆಕ್ಕ ಹಾಕಿ ನೋಡಿ. 100 ಕೆವಿಎ ಜನರೇಟರ್, ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8, ಅಂದರೆ 80 ಕಿಲೋವ್ಯಾಟ್. ಕಟ್ಟಡದ ಲೋಡ್ 50, ಸೋಲಾರ್ 40. ಜನರೇಟರ್ ಪಾಲಿಗೆ ಉಳಿದದ್ದು ಬರೀ 10. ಅಷ್ಟರಲ್ಲಿ ಎರಡು ಏಸಿ, ಒಂದು ಪಂಪು ನಿಂತು ಲೋಡ್ 30ಕ್ಕೆ ಇಳಿಯಿತು ಅನ್ನಿ. ಈಗ 10 ಕಿಲೋವ್ಯಾಟ್ ಜಾಸ್ತಿಯಾಯಿತು. ಅದು ಜನರೇಟರ್ ಒಳಗೇ ನುಗ್ಗುತ್ತದೆ. ಎಂಜಿನ್ ವೇಗ ಕಾಯುವ ಗವರ್ನರ್ ಡೀಸೆಲ್ ಪೂರ್ತಿ ಕಡಿಮೆ ಮಾಡಿದರೂ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಮೋಟಾರಿನಂತೆ ಎಂಜಿನ್ನನ್ನೇ ತಿರುಗಿಸತೊಡಗುತ್ತದೆ. ವೇಗ ಏರುತ್ತದೆ, ಫ್ರೀಕ್ವೆನ್ಸಿಯೂ ಏರುತ್ತದೆ. ಇನ್ವರ್ಟರ್ ಮೊದಲು ಟ್ರಿಪ್ ಆದರೆ ಪುಣ್ಯ. ಕೆಲವು ನಿಮಿಷ ಬಿಟ್ಟು ಮತ್ತೆ ಸೇರುತ್ತದೆ, ಮತ್ತೆ ಟ್ರಿಪ್ ಆಗುತ್ತದೆ. ಹೀಗೆ ಹಿಂದಕ್ಕೆ ನುಗ್ಗುವುದನ್ನು ಗುರುತಿಸುವ ರಿವರ್ಸ್ ಪವರ್ ರಿಲೇ ಮೊದಲು ಕೆಲಸ ಮಾಡಿ ಜನರೇಟರ್ ಬ್ರೇಕರ್ ತೆರೆದರೆ, ಆ ಕ್ಷಣ ಲೋಡಿನ ಜೊತೆ ಇನ್ವರ್ಟರ್ ಒಂದೇ ಉಳಿಯುತ್ತದೆ. ಅದು ನಿಲ್ಲುವ ಮುಂಚೆ ವೋಲ್ಟೇಜ್ ಹಾರಿ ಎಲೆಕ್ಟ್ರಾನಿಕ್ ಸಾಮಾನು ಸುಡಬಹುದು.

ಹಿಂದಕ್ಕೆ ಹರಿಯದಿದ್ದರೂ ತೊಂದರೆ ಇದೆ. ಡೀಸೆಲ್ ಎಂಜಿನ್‌ಗೆ ಸುಮಾರು 30% ಲೋಡ್ ಆದರೂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡಿದರೆ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ, ಇಂಧನ ಪೂರ್ತಿ ಉರಿಯುವುದಿಲ್ಲ. ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಕಪ್ಪಗೆ, ಅಂಟಂಟಾಗಿ ಏನೋ ಒಸರುತ್ತಿದ್ದರೆ ಇದೇ ಗುರುತು. ಇದಕ್ಕೆ ವೆಟ್ ಸ್ಟ್ಯಾಕಿಂಗ್ ಅಂತ ಹೆಸರು.

ಇದರ ಉಲ್ಟಾ ದೂರೂ ಇದೆ: ಜನರೇಟರ್ ಇದ್ದಾಗ ಸೋಲಾರ್ ಬರುವುದೇ ಇಲ್ಲ. ಗವರ್ನರ್ ಡ್ರೂಪ್ (ಲೋಡ್ ಏರಿದಂತೆ ವೇಗ ಇಳಿಯುವ ಪ್ರಮಾಣ) 4% ಇದ್ದರೆ, ಪೂರ್ತಿ ಲೋಡಿನಲ್ಲಿ 50 ಹರ್ಟ್ಜ್ ಇರುವ ಜನರೇಟರ್ ಖಾಲಿ ಓಡುವಾಗ 52 ಹರ್ಟ್ಜ್ ಇರುತ್ತದೆ. ಇನ್ವರ್ಟರ್ ಒಪ್ಪುವ ಮಿತಿ ಅದಕ್ಕಿಂತ ಕಿರಿದಾಗಿದ್ದರೆ ಅದು ಹತ್ತಿರವೂ ಸುಳಿಯುವುದಿಲ್ಲ.

ಪರಿಹಾರಗಳಲ್ಲಿ ನನಗೆ ಇಷ್ಟವಾದದ್ದು ತೀರಾ ಸರಳವಾದದ್ದು. ಸೋಲಾರನ್ನು ಚೇಂಜ್‌ಓವರ್ ಸ್ವಿಚ್ಚಿನ ಗ್ರಿಡ್ ಕಡೆಗೆ ಜೋಡಿಸುವುದು. ಸ್ವಿಚ್ ಜನರೇಟರ್ ಕಡೆ ತಿರುಗಿದರೆ ಸೋಲಾರ್ ತಾನಾಗಿ ಬೇರೆಯಾಗುತ್ತದೆ. ಅಷ್ಟು ಹೊತ್ತು ಬಿಸಿಲು ವ್ಯರ್ಥ, ಸರಿ. ಆದರೆ ಕರೆಂಟ್ ಅಪರೂಪಕ್ಕೆ ಹೋಗುವ ಕಡೆ ಅದೇನು ದೊಡ್ಡ ನಷ್ಟವಲ್ಲ. ಹಾಗೆ ಜೋಡಿಸಲು ಆಗದಿದ್ದರೆ, ಜನರೇಟರ್ ಓಡುವಾಗ ಸೋಲಾರ್ ಕಳಚುವಂತೆ ಕಾಂಟ್ಯಾಕ್ಟರ್ ಇಂಟರ್‌ಲಾಕ್ ಹಾಕುತ್ತಾರೆ.

ದಿನಕ್ಕೆ ಗಂಟೆಗಟ್ಟಲೆ ಜನರೇಟರ್ ಓಡುವ ಕಡೆ ಕಂಟ್ರೋಲರ್ ಬೇಕು. ಜನರೇಟರ್ ಕೇಬಲ್ ಮೇಲೆ ಸಿಟಿ (ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂರಿಸಿ ಅದರ ಲೋಡ್ ಅಳೆಯುತ್ತಾರೆ. ಕಂಟ್ರೋಲರ್ ಅದನ್ನು ನೋಡಿಕೊಂಡು ಮಾಡ್‌ಬಸ್ ಅನ್ನುವ ಸಂದೇಶದ ತಂತಿಯ ಮೂಲಕ ಇನ್ವರ್ಟರ್‌ಗೆ 'ಇಷ್ಟೇ ಕೊಡು' ಅನ್ನುತ್ತದೆ. ಮಿತಿ ಅಂದರೆ ಲೋಡಿನಿಂದ ಜನರೇಟರ್‌ನ ಕನಿಷ್ಠ ಪಾಲು ಕಳೆದದ್ದು. ನಮ್ಮ ಉದಾಹರಣೆಯಲ್ಲಿ ಕನಿಷ್ಠ ಅಂದರೆ 80ರ 30%, 24 ಕಿಲೋವ್ಯಾಟ್. ಹಾಗಾಗಿ ಲೋಡ್ 50 ಇದ್ದಾಗ ಸೋಲಾರ್ 26, ಲೋಡ್ 30ಕ್ಕೆ ಇಳಿದಾಗ ಬರೀ 6. ಸಿಟಿ ದಿಕ್ಕು ನೋಡಿ ಹಾಕಿ. ಅಭ್ಯಾಸದ ಪ್ಯಾನೆಲ್ಲಿನಲ್ಲಿ ನಾನೇ ಒಮ್ಮೆ ತಿರುಗುಮುರುಗು ಹಾಕಿ, ಸೋಲಾರ್ ಸೊನ್ನೆಯಲ್ಲೇ ಯಾಕೆ ಕೂತಿದೆ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ. ಇನ್ನೊಂದು ವಿಷಯ. ಕಂಟ್ರೋಲರ್ ಇದೆ ಅಂತ ರಿವರ್ಸ್ ಪವರ್ ರಿಲೇ ಬಿಡಬಾರದು. ಸಂಪರ್ಕದ ವೈರ್ ಕಿತ್ತುಹೋದರೆ ಇನ್ವರ್ಟರ್ ಸೊನ್ನೆಗೆ ಇಳಿಯುವಂತೆಯೂ ಸೆಟ್ ಮಾಡಿರಬೇಕು.

ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಆದರೆ ಹೆಚ್ಚಾದ ಕರೆಂಟ್ ಬ್ಯಾಟರಿಗೆ ಹೋಗುತ್ತದೆ. ಜನರೇಟರನ್ನು ಅದಕ್ಕೆಂದೇ ಇರುವ ಇನ್‌ಪುಟ್‌ಗೆ ಜೋಡಿಸಿ. ಬ್ಯಾಕಪ್ ಔಟ್‌ಪುಟ್‌ಗೆ ಜೋಡಿಸಿದರೆ ಇನ್ವರ್ಟರ್ ಸುಟ್ಟುಹೋಗಬಹುದು.

ಈ ಪಾಠದಲ್ಲಿ ನಾನು ತಪ್ಪು ಉತ್ತರ ಬರೆದದ್ದು ಪವರ್ ಫ್ಯಾಕ್ಟರ್ ಪ್ರಶ್ನೆಗೆ. ಲೋಡ್ 50 ಕಿಲೋವ್ಯಾಟ್ ಜೊತೆಗೆ 30 ಕೆವಿಎಆರ್ (ಮೋಟಾರಿನಂಥವು ಕೇಳುವ, ಕೆಲಸ ಮಾಡದೆ ಹೋಗಿ ಬರುವ ರಿಯಾಕ್ಟಿವ್ ಪವರ್) ಕೇಳುತ್ತದೆ ಅನ್ನಿ. ಸೋಲಾರ್ 26 ಕಿಲೋವ್ಯಾಟ್ ಕೊಟ್ಟಿತು, ಕೆವಿಎಆರ್ ಏನೂ ಕೊಡಲಿಲ್ಲ. ಜನರೇಟರ್ ಮೇಲೆ 24 ಕಿಲೋವ್ಯಾಟ್, ಪೂರ್ತಿ 30 ಕೆವಿಎಆರ್. ಅದರ ಮೀಟರಿನಲ್ಲಿ ಪವರ್ ಫ್ಯಾಕ್ಟರ್ 0.86ರಿಂದ 0.62ಕ್ಕೆ ಕುಸಿಯುತ್ತದೆ. ಜನರೇಟರ್ ಕೆಟ್ಟಿಲ್ಲ, ಲೋಡೂ ಬದಲಾಗಿಲ್ಲ. ಇನ್ವರ್ಟರ್‌ನಿಂದಲೇ 15 ಕೆವಿಎಆರ್ ಕೊಡಿಸಿದರೆ ಅದು ಮತ್ತೆ 0.85ಕ್ಕೆ ಬರುತ್ತದೆ.