ದೇಶದೊಳಗೆ ನಿಷೇಧವಿರುವಾಗ ನಕ್ಷತ್ರ ಆಮೆಗೆ ಅಂತರರಾಷ್ಟ್ರೀಯ ಒಪ್ಪಂದ ಏಕೆ?

ಪ್ರಶ್ನೆ: ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ನಮ್ಮಲ್ಲಿ ಅಪರಾಧ. ಹೀಗಿರುವಾಗ ಅದನ್ನು ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿದ್ದರಿಂದ ಹೊಸದಾಗಿ ಆದ ಪ್ರಯೋಜನವೇನು?

ಉತ್ತರ: ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಧಿಕಾರ ನಮ್ಮ ಗಡಿಗೆ ಮುಗಿಯುತ್ತದೆ, ನಕ್ಷತ್ರ ಆಮೆಯ ಮಾರುಕಟ್ಟೆ ಇರುವುದು ಬಹುಪಾಲು ಗಡಿಯಾಚೆ. ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ.

ಕಪ್ಪು ಚಿಪ್ಪಿನ ಉಬ್ಬುಗಳಿಂದ ಹಳದಿ ಗೆರೆಗಳು ಕಿರಣಗಳಂತೆ ಹರಡಿರುವ ಈ ಆಮೆ ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ, ಹೊಲಗಳ ಬದುಗಳಲ್ಲಿ, ಗುಜರಾತ್–ರಾಜಸ್ಥಾನದ ಕಡೆ, ಪಾಕಿಸ್ತಾನದ ಸಿಂಧ್‌ನಲ್ಲಿ ಮತ್ತು ಶ್ರೀಲಂಕಾದಲ್ಲಿ ಬದುಕುತ್ತದೆ. ಓಡಲಾರದ, ಕಚ್ಚದ, ಮೇವಿಲ್ಲದೆಯೂ ಹಲವು ದಿನ ತಡೆದುಕೊಳ್ಳುವ ಪ್ರಾಣಿಯಾದ್ದರಿಂದ ಕಳ್ಳಸಾಗಣೆದಾರರು ಅಂಗೈಯಗಲದ ಮರಿಗಳನ್ನು ಕಾಲು ಚಾಚದಂತೆ ಟೇಪ್ ಸುತ್ತಿ, ಕಾಲುಚೀಲಗಳಲ್ಲಿ ತುರುಕಿ, ಸೂಟ್‌ಕೇಸ್‌ಗಳಲ್ಲಿ ನೂರಾರು ಸಂಖ್ಯೆಯಲ್ಲಿ ತುಂಬಿ ಆಗ್ನೇಯ ಏಷ್ಯಾಕ್ಕೆ ಸಾಗಿಸುತ್ತಾರೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಒಂದೇ ವ್ಯಾಪಾರ ತಾಣದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿಯಲಾಗುತ್ತಿದೆ ಎಂದು ಅಂದಾಜಿಸಿತ್ತು.

2019ರವರೆಗೆ ಈ ಆಮೆ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿತ್ತು. ಆ ಅನುಬಂಧದ ಜೀವಿಗಳ ವ್ಯಾಪಾರಕ್ಕೆ ನಿಷೇಧವಿಲ್ಲ. ರಫ್ತು ಮಾಡುವ ದೇಶದ ಪರವಾನಗಿ ಇದ್ದರೆ ಸಾಕು. ಹೀಗಾಗಿ ನಮ್ಮ ಕಾಡಿನಿಂದ ಕದ್ದ ಆಮೆಯೂ ಮೂರನೆಯ ದೇಶವೊಂದನ್ನು ತಲುಪಿದ ಮೇಲೆ ‘ಸಾಕಣೆ ಕೇಂದ್ರದಲ್ಲೇ ಹುಟ್ಟಿದ್ದು’ ಎಂಬ ಕಾಗದ ಪಡೆದು ಸಕ್ರಮವಾಗಿಬಿಡುವ ದಾರಿ ತೆರೆದಿತ್ತು. ಚಿಪ್ಪನ್ನು ನೋಡಿ ಅದು ಕಾಡಿನದೋ ಸಾಕಿದ್ದೋ ಎಂದು ಹೇಳುವುದು ಅಲ್ಲಿನ ಕಸ್ಟಮ್ಸ್ ಅಧಿಕಾರಿಗೆ ಸುಲಭವಲ್ಲ.

2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನದಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಮತ್ತು ಸೆನೆಗಲ್ ಮಂಡಿಸಿದ ಪ್ರಸ್ತಾವದಂತೆ ನಕ್ಷತ್ರ ಆಮೆ ಮೊದಲ ಅನುಬಂಧಕ್ಕೆ ಏರಿತು. ಈ ಪ್ರಾಣಿಯ ನೆಲೆಯೇ ಅಲ್ಲದ ಸೆನೆಗಲ್ ಜೊತೆಗೆ ನಿಂತದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಅಂದಿನಿಂದ ಕಾಡಿನಿಂದ ಹಿಡಿದ ಆಮೆಗಳ ವಾಣಿಜ್ಯ ವ್ಯಾಪಾರಕ್ಕೆ ಅವಕಾಶವಿಲ್ಲ. ಸಂಶೋಧನೆಯಂತಹ ಉದ್ದೇಶಕ್ಕೆ ಸಾಗಿಸಬೇಕಾದರೂ ಕಳುಹಿಸುವ ದೇಶದ ಜೊತೆಗೆ ಪಡೆಯುವ ದೇಶವೂ ಪರವಾನಗಿ ಕೊಡಬೇಕು. ಮುಖ್ಯ ಲಾಭ ಇದೇ: ಪರಿಶೀಲನೆಯ ಹೊಣೆ ಈಗ ಕೊಳ್ಳುವ ದೇಶದ ಮೇಲೂ ಬಿದ್ದಿದೆ. ಸೈಟಿಸ್‌ನಲ್ಲಿ ನೋಂದಾಯಿತ ಕೇಂದ್ರಗಳಲ್ಲಿ ಹುಟ್ಟಿದ ಮರಿಗಳಿಗೆ ವಿನಾಯಿತಿ ಉಳಿದಿರುವುದರಿಂದ ಆ ನೋಂದಣಿಗಳ ಮೇಲೆ ಕಣ್ಣಿಡುವುದು ಅನಿವಾರ್ಯ.

ಈ ಒಪ್ಪಂದಕ್ಕೆ ತನ್ನದೇ ಪೊಲೀಸರಿಲ್ಲ. ಗಡಿ ದಾಟುವ ವ್ಯಾಪಾರವನ್ನಷ್ಟೇ ಅದು ನಿಯಂತ್ರಿಸುತ್ತದೆ, ಶಿಕ್ಷೆ ವಿಧಿಸುವುದು ಆಯಾ ದೇಶದ ಕಾನೂನು. ಭಾರತ 1976ರಲ್ಲೇ ಸೈಟಿಸ್ ಸೇರಿದ್ದರೂ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ಅಧ್ಯಾಯ ಬಂದದ್ದು 2022ರ ತಿದ್ದುಪಡಿಯಲ್ಲಿ, ಜಾರಿಯಾದದ್ದು 2023ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಕಸ್ಟಮ್ಸ್ ಮತ್ತು ವಿದೇಶಿ ವ್ಯಾಪಾರ ಕಾನೂನುಗಳನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಇಷ್ಟು ತಡವಾಗಬಾರದಿತ್ತು.

ಹೊರಗೆ ಹೋದ ಆಮೆಯನ್ನು ಮರಳಿ ತರುವುದು ಎಷ್ಟು ಕಷ್ಟವೆಂದರೆ, 2018ರಲ್ಲಿ ಸಿಂಗಪುರದಿಂದ 51 ಆಮೆಗಳು ಕರ್ನಾಟಕಕ್ಕೆ ಮರಳಿದ್ದೇ ದೊಡ್ಡ ಸುದ್ದಿಯಾಗಿತ್ತು. ಮರಳಿದವನ್ನು ಕಂಡಕಂಡ ಕಾಡಿಗೆ ಬಿಡುವಂತೆಯೂ ಇಲ್ಲ. ದಕ್ಷಿಣದ ಆಮೆಗಳಿಗೂ ವಾಯುವ್ಯ ಭಾರತದ ಆಮೆಗಳಿಗೂ ಆನುವಂಶಿಕ ವ್ಯತ್ಯಾಸವಿದ್ದು, ಮೂಲ ತಿಳಿಯದೆ ಬೆರೆಸಿದರೆ ಸ್ಥಳೀಯ ತಳಿ ಕಲಬೆರಕೆಯಾಗುತ್ತದೆ, ರೋಗವೂ ಹರಡಬಹುದು. ಆದ್ದರಿಂದ ಹೊಲದಲ್ಲಿ ನಕ್ಷತ್ರ ಆಮೆ ಕಂಡರೆ ಅದನ್ನು ಇದ್ದಲ್ಲೇ ಬಿಡಿ. ಯಾರಾದರೂ ಸಾಕುತ್ತಿರುವುದು ಅಥವಾ ಮಾರುತ್ತಿರುವುದು ತಿಳಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.