ತಾತನ ಟ್ರಂಕಿನಲ್ಲಿ ಯುದ್ಧದ ಫೋಟೊ ಯಾಕಿಲ್ಲ?

ಹಾಸನ ಜಿಲ್ಲೆಯಲ್ಲಿ ಮಿಲಿಟರಿಯಿಂದ ನಿವೃತ್ತರಾದವರ ಮನೆಗೆ ಹೋದರೆ ನಡುಮನೆ ಗೋಡೆಯಲ್ಲಿ ಯೂನಿಫಾರ್ಮ್ ಫೋಟೊ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅರಸೀಕೆರೆ ಹತ್ತಿರದ ನಮ್ಮ ಮನೆಯಲ್ಲೂ ಇದೆ. ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು. ಫೋಟೊದಲ್ಲಿ ಮಾತ್ರ ಬರ್ಮಾ ಇಲ್ಲ. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲೊಂದು ಕೊಳ, ಎರಡು ಕಂಬ. ತಾತನ ಎಡಗಾಲಿನ ಬೂಟಿನ ಲೇಸು ಬಿಚ್ಚಿಕೊಂಡಿದೆ. ಅವರ ಟ್ರಂಕನ್ನು ತಳದವರೆಗೂ ಜಾಲಾಡಿದೆವು. ಯುದ್ಧದ್ದು ಅಂತ ಒಂದೇ ಒಂದು ಫೋಟೊ ಸಿಗಲಿಲ್ಲ.

ಯಾಕಿಲ್ಲ ಅಂತ ಹುಡುಕುತ್ತಾ ಹೋದರೆ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ.

1855ರಲ್ಲಿ ರೋಜರ್ ಫೆಂಟನ್ ಅನ್ನುವ ಇಂಗ್ಲಿಷ್ ಫೋಟೊಗ್ರಾಫರ್ ಕ್ರಿಮಿಯಾ ಯುದ್ಧಕ್ಕೆ ಹೋದಾಗ ಕ್ಯಾಮೆರಾ ಹೊರುವುದಕ್ಕೇ ಕುದುರೆ ಗಾಡಿ ಬೇಕಿತ್ತು. ಮೊದಲು ವೈನ್ ವ್ಯಾಪಾರಿಯದಾಗಿದ್ದ ಗಾಡಿ ಅದು. ಅದರೊಳಗೇ ಡಾರ್ಕ್‌ರೂಮ್. ಗಾಜಿನ ಮೇಲೆ ಕೊಲೋಡಿಯನ್ ಅನ್ನುವ ಅಂಟು ದ್ರವ ಸುರಿದು, ನೀರುದೋಸೆ ಹಿಟ್ಟು ಕಾವಲಿ ತುಂಬಾ ಹರಡುವ ಹಾಗೆ ಆಚೀಚೆ ಓಲಾಡಿಸಬೇಕು. ಆಮೇಲೆ ಬೆಳ್ಳಿ ಲವಣದ ನೀರಿನಲ್ಲಿ ಅದ್ದಬೇಕು. ಅದು ಒಣಗುವುದರೊಳಗೆ ಫೋಟೊ ತೆಗೆದು, ತೊಳೆದೂ ಮುಗಿಸಬೇಕು. ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಎದುರಿಗಿದ್ದವರು ಸೆಕೆಂಡುಗಟ್ಟಲೆ ಅಲ್ಲಾಡದೆ ನಿಲ್ಲಬೇಕು. ಗುಂಡು ಹಾರುವಾಗ ಯಾರು ನಿಲ್ಲುತ್ತಾರೆ? ಹಾಗಾಗಿ ಫೆಂಟನ್ ತೆಗೆದ ಸುಮಾರು 360 ಫೋಟೊಗಳಲ್ಲಿ ಟೆಂಟು, ಕುದುರೆ, ಅಧಿಕಾರಿಗಳು ಎಲ್ಲ ಇದ್ದಾರೆ, ಕಾದಾಟ ಇಲ್ಲ.

ಎಲ್ಲವನ್ನೂ ಬದಲಾಯಿಸಿದ್ದು 1912ರಲ್ಲಿ ಬಂದ ವೆಸ್ಟ್ ಪಾಕೆಟ್ ಕೊಡಾಕ್ ಅನ್ನುವ ಕ್ಯಾಮೆರಾ. ಮಡಚಿದರೆ ಇವತ್ತಿನ ಮೊಬೈಲಿಗಿಂತ ಗಿಡ್ಡ, ದಪ್ಪ ಮಾತ್ರ ಒಂದಿಂಚು. ಎಳೆದರೆ ಮುಂಭಾಗ ಹೊರಗೆ ಬರುತ್ತಿತ್ತು. ಒಂದು ರೋಲಿಗೆ ಎಂಟು ಫೋಟೊ. 1915ರಲ್ಲಿ ಬಂದ ಮಾದರಿಯಲ್ಲಿ ಇನ್ನೊಂದು ಮಜಾ ಇತ್ತು. ಹಿಂಬದಿಯಲ್ಲಿ ಪುಟ್ಟ ಕಿಂಡಿ, ಜೊತೆಗೊಂದು ಲೋಹದ ಕಡ್ಡಿ. ಕಿಂಡಿ ತೆಗೆದು ಕಡ್ಡಿಯಲ್ಲಿ ಊರು, ತಾರೀಖು ಗೀಚಿ ಸ್ವಲ್ಪ ಹೊತ್ತು ಬೆಳಕು ತೋರಿಸಿದರೆ, ಬರೆದದ್ದು ಫಿಲ್ಮಿನ ಅಂಚಿನಲ್ಲಿ ಅಚ್ಚಾಗುತ್ತಿತ್ತು. ಕಂಪನಿ ಇದನ್ನು ‘ಸೈನಿಕನ ಕೊಡಾಕ್’ ಅಂತಲೇ ಮಾರಿತು.

ಸೈನ್ಯಕ್ಕೆ ತಲೆನೋವು ಶುರುವಾಗಿದ್ದೂ ಇಂಥ ಪುಟ್ಟ ಕ್ಯಾಮೆರಾಗಳಿಂದಲೇ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1914ರ ಕ್ರಿಸ್‌ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕದಿಂದ ಎದ್ದು ಬಂದು ಕೈಕುಲುಕಿದರು. ಸೈನಿಕರೇ ತೆಗೆದ ಆ ಫೋಟೊ ಜನವರಿ ಹೊತ್ತಿಗೆ ಲಂಡನ್ನಿನ ಪತ್ರಿಕೆಯಲ್ಲಿತ್ತು. ಶತ್ರು ಜೊತೆ ನಗುತ್ತಾ ನಿಂತ ಫೋಟೊ ಯಾವ ಸೇನಾಪತಿಗೆ ಇಷ್ಟ ಆಗುತ್ತೆ ಹೇಳಿ? ಫಿಲ್ಮ್ ಶತ್ರುವಿನ ಕೈಗೆ ಸಿಕ್ಕರೆ ಜಾಗದ ಗುಟ್ಟು ಬಯಲಾಗುತ್ತೆ ಅನ್ನುವ ಭಯ ಬೇರೆ. ಸೈನಿಕರು ಕ್ಯಾಮೆರಾ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಬ್ರಿಟಿಷ್ ಸೇನೆ ಕಟ್ಟಪ್ಪಣೆ ಹೊರಡಿಸಿತು. ಕದ್ದುಮುಚ್ಚಿ ಇಟ್ಟುಕೊಂಡವರು ಇದ್ದೇ ಇದ್ದರು ಬಿಡಿ.

ನಮ್ಮವರಿಗೆ ಅಪ್ಪಣೆ ಹಾಗಿರಲಿ, ದುಡ್ಡೇ ಅಡ್ಡಿ. ಆ ಕ್ಯಾಮೆರಾಕ್ಕೆ 30 ಶಿಲಿಂಗ್, ಅಂದರೆ ಆಗಿನ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ರೂಪಾಯಿ. ಭಾರತೀಯ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಪಡೆಯಲ್ಲಿ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಇದ್ದರು. ಅಂಥ ಸವಾರರು ಅಷ್ಟು ದುಡ್ಡು ಸುರಿದು ಕ್ಯಾಮೆರಾ ಕೊಂಡಿರುತ್ತಾರಾ? ನನಗಂತೂ ನಂಬಿಕೆ ಬರುವುದಿಲ್ಲ.

ತಾತನ ಕಾಲಕ್ಕೆ ಬರುವ ಹೊತ್ತಿಗೆ ಯುದ್ಧದ ಫೋಟೊ ತೆಗೆಯುವುದೇ ಒಂದು ಡ್ಯೂಟಿ ಆಗಿತ್ತು. ಬ್ರಿಟಿಷರು 1941ರಲ್ಲಿ ಆರ್ಮಿ ಫಿಲ್ಮ್ ಅಂಡ್ ಫೋಟೊಗ್ರಾಫಿಕ್ ಯೂನಿಟ್ ಕಟ್ಟಿದರು. ತಮಾಷೆ ಅಂದರೆ ಅವರ ಫೋಟೊಗ್ರಾಫರ್‌ಗಳ ಕೈಯಲ್ಲಿದ್ದದ್ದು ಜರ್ಮನಿಯ ಜೈಸ್ ಕಂಪನಿಯ ಸೂಪರ್ ಇಕಾಂಟಾ. ಬರ್ಮಾದ ಕಾಡಿನಲ್ಲೂ ಸೇನೆಯ ಕ್ಯಾಮೆರಾಗಳು ಓಡಾಡಿವೆ. ಯಾವುದೋ ದೂರದ ಸಂಗ್ರಹದಲ್ಲಿ, ಯಾವುದೋ ಗುಂಪಿನ ಮೂಲೆಯಲ್ಲಿ ತಾತನೂ ನಿಂತಿರಬಹುದು. ಆ ಪ್ರಿಂಟು ಅರಸೀಕೆರೆಗೆ ಯಾಕೆ ಬರುತ್ತೆ?

ಸರ್ಕಾರದ ಕ್ಯಾಮೆರಾ, ಸ್ವಂತದ ಕ್ಯಾಮೆರಾ ಅನ್ನುವ ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ವಿಯೆಟ್ನಾಂನಲ್ಲಿ ಗೊತ್ತಾಯಿತು. 1968ರ ಮಾರ್ಚ್ 16ರಂದು ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರು ಅನ್ನದೆ ನೂರಾರು ಜನರನ್ನು ಕೊಂದರು. ಸೇನೆಯ ಫೋಟೊಗ್ರಾಫರ್ ರಾನ್ ಹೇಬರ್ಲಿ ಅಲ್ಲಿದ್ದರು. ಸೇನೆ ಕೊಟ್ಟ ಕ್ಯಾಮೆರಾದಲ್ಲಿ ಕಪ್ಪುಬಿಳುಪು ಫಿಲ್ಮ್, ಸ್ವಂತ ನಿಕಾನ್‌ನಲ್ಲಿ ಕಲರ್. ಕಪ್ಪುಬಿಳುಪು ರೋಲುಗಳು ಸೇನೆಗೆ ಹೋದವು. ಕಲರ್ ಫೋಟೊಗಳು ಅವರ ಜೊತೆ ಮನೆಗೆ ಬಂದವು. 1969ರ ನವೆಂಬರ್‌ನಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದ್ದು ಈ ಕಲರ್ ಫೋಟೊಗಳೇ.

ಈಗ ಸೈನಿಕರ ಜೇಬಿನಲ್ಲೂ ಮೊಬೈಲ್ ಇದೆ, ಅದರಲ್ಲೇ ಕ್ಯಾಮೆರಾ. ಭಯ ಮಾತ್ರ ಹಳೆಯದೇ. 2020ರ ಜುಲೈನಲ್ಲಿ ನಮ್ಮ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆಪ್‌ಗಳನ್ನು ಫೋನಿನಿಂದ ತೆಗೆಯಲು ಸೈನಿಕರಿಗೆ ಹೇಳಿತು.

ನಮ್ಮ ಬೀದಿಯ ಹುಡುಗನೊಬ್ಬ ಸೇನೆಯಲ್ಲಿದ್ದಾನೆ. ವಿಡಿಯೊ ಕಾಲ್ ಮಾಡಿದರೆ ಹಿಂದೆ ಸುಣ್ಣದ ಗೋಡೆ ಬಿಟ್ಟು ಬೇರೇನೂ ಇರುವುದಿಲ್ಲ. ‘ಏನೂ ಕಾಣ್ತಿಲ್ವಲ್ಲೋ ಮಗಾ’ ಅಂತ ಅವನ ಅಜ್ಜಿ ಅಂದರೆ ‘ಅಷ್ಟೇ ಕಾಣ್ಬೇಕು ಕಣಜ್ಜಿ’ ಅಂತಾನೆ. ಹೋದ ರಜೆಯಲ್ಲಿ ಅಜ್ಜಿ ಹಟ ಹಿಡಿದರು, ಗೋಡೆಗೊಂದು ಫೋಟೊ ಬೇಕು ಅಂತ. ಯೂನಿಫಾರ್ಮ್ ಇಸ್ತ್ರಿ ಮಾಡಿಸಿಕೊಂಡು ಹಾಸನದ ಸ್ಟುಡಿಯೊಗೆ ಹೋದ. ಫೋಟೊ ತೆಗೆದವನು ಕಂಪ್ಯೂಟರ್ ಮುಂದೆ ಕೂತು ಕೇಳಿದನಂತೆ: ‘ಬ್ಯಾಕ್‌ಗ್ರೌಂಡ್ ಯಾವ್ದು ಹಾಕ್ಲಿ ಸಾರ್? ಹಿಮಾಲಯ ಇದೆ, ಚೆನ್ನಾಗಿ ಬರುತ್ತೆ.’