ಹಿಂದಿನ ಪ್ಲಾಟಿಗೆ ದಾರಿ: ನಿವೇಶನ ಹೋಳು ಮಾಡುವಾಗ ಏಳುವ ತಕರಾರು

ಭೂ ಕಾನೂನು ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಪುಸ್ತಕದಲ್ಲಿ ಪ್ಲಾಟು ವಿಭಜನೆ ಒಂದು ಕಡೆ, ದಾರಿಯ ಹಕ್ಕು ಇನ್ನೊಂದು ಕಡೆ ಇರುತ್ತದೆ. ಕಲಬುರಗಿಯ ಓಣಿಯಲ್ಲಿ ಮಾತ್ರ ಎರಡೂ ಒಂದೇ ಜಗಳವಾಗಿ ಬರುತ್ತವೆ. ಹಾಗಾಗಿ ಒಟ್ಟಿಗೇ ಓದೋಣ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳಿ. ಸೇಡಂ ರಸ್ತೆ ಕಡೆ ತಂದೆಯ ಹೆಸರಿನಲ್ಲಿ ಒಂದು ಪ್ಲಾಟು. ರಸ್ತೆಗೆ 40 ಅಡಿ ಮುಖ, 60 ಅಡಿ ಆಳ, ಒಟ್ಟು 2,400 ಚದರ ಅಡಿ. ಇಬ್ಬರು ಅಣ್ಣತಮ್ಮಂದಿರು ವಾಟ್ನಿ, ಅಂದರೆ ಆಸ್ತಿ ಪಾಲು, ಮಾಡಿಕೊಂಡರು. ಅಡ್ಡ ಗೆರೆ ಎಳೆದು ಮುಂದಿನದು ಅಣ್ಣನಿಗೆ, ಹಿಂದಿನದು ತಮ್ಮನಿಗೆ. ಅಣ್ಣನ ಗೋಡೆ ಪಕ್ಕ 5 ಅಡಿ ಜಾಗಕ್ಕೆ ಶಹಾಬಾದ ಫರಸಿ ಕಲ್ಲು ಹಾಸಿದರು. ತಮ್ಮನ ಮನೆಯವರು ಅದರ ಮೇಲೆ ನಡೆದು ಹೋಗುತ್ತಿದ್ದರು, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ವಾಟ್ನಿ ಪತ್ರದ ಚಕ್ಕುಬಂದಿಯಲ್ಲಿ (ನಾಲ್ಕೂ ಬದಿಯ ಗಡಿ ಹೇಳುವ ಭಾಗದಲ್ಲಿ) ಬರೆದದ್ದು 'ದಾರಿ' ಎಂಬ ಒಂದೇ ಮಾತು. ಮುಂದೆ ತಮ್ಮ ತನ್ನ ಹೋಳು ಮಾರಿದ. ಕೊಂಡವರು ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡಬೇಕು, ಕಾರು ಒಳಗೆ ಬರಬೇಕು, ದಾರಿ 10 ಅಡಿ ಆಗಬೇಕು ಅಂದರು. ಅಣ್ಣ ಆಗಲ್ಲ ಅಂದ.

ಮೊದಲು ನೆಲದ ಲೆಕ್ಕ ನೋಡಿ. 10 ಅಡಿ ಅಗಲ, 30 ಅಡಿ ಉದ್ದದ ದಾರಿ ಅಂದರೆ 300 ಚದರ ಅಡಿ. ಅಣ್ಣನ 1,200ರಲ್ಲಿ ಉಳಿಯುವುದು 900. ತಮ್ಮನ 1,200 ಹಾಗೇ ಇರುತ್ತದೆ. ಅದೇ ಪ್ಲಾಟನ್ನು ಉದ್ದಕ್ಕೆ ಸೀಳಿದ್ದರೆ 20 ಅಡಿ ಮುಖದ ಎರಡು ಹೋಳು, ಎರಡಕ್ಕೂ ರಸ್ತೆ. ಮನೆ ಇಕ್ಕಟ್ಟಾಗುತ್ತದೆ, ಬದಿಯಲ್ಲಿ ಬಿಡಬೇಕಾದ ಜಾಗ ಹೋದರೆ ಕೋಣೆ ಸಣ್ಣದಾಗುತ್ತದೆ, ನಿಜ. ಆದರೂ ವಾಟ್ನಿಗೆ ಕೂತವರು ಉದ್ದದ ಗೆರೆಯನ್ನು ಮೊದಲು ಯೋಚಿಸಬೇಕು ಅಂತಲೇ ನನ್ನ ಅಭಿಪ್ರಾಯ. ಇಕ್ಕಟ್ಟಿನ ಮನೆಯಲ್ಲಿ ಬದುಕಬಹುದು. ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದು ನೋಡಲಾಗದ ಸಂಕಟ.

ಈಗ ಕಾನೂನು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 17 ಹೇಳುವುದು ಇಷ್ಟು: ಪ್ಲಾಟನ್ನು ವಿಭಜಿಸುವವರು, ಅದರಲ್ಲಿ ಖಾಸಗಿ ರಸ್ತೆ ಮಾಡುವವರು ನಕ್ಷೆ ಕೊಟ್ಟು ಯೋಜನಾ ಪ್ರಾಧಿಕಾರದ ಮಂಜೂರಾತಿ ಪಡೆಯಬೇಕು. ನಮ್ಮಲ್ಲಿ ಆ ಪ್ರಾಧಿಕಾರ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ. ಮಂಜೂರು ಮಾಡಬಹುದು, ಷರತ್ತು ಹಾಕಬಹುದು, ಬೇಡ ಅನ್ನಲೂಬಹುದು. ಮಹಾನಗರ ಪಾಲಿಕೆಯ ಕಟ್ಟಡ ಪರವಾನಗಿ ಬೇರೆ ವಿಷಯ. ಅದು 1976ರ ಪಾಲಿಕೆಗಳ ಕಾಯ್ದೆಯಡಿ ಬರುತ್ತದೆ. ಮನೆ ಮನೆಯಲ್ಲೇ ವಾಟ್ನಿ ಮಾಡಿ ಗೆರೆ ಎಳೆದರೆ ಈ ಮಂಜೂರಾತಿ ತಾನಾಗಿ ಬರುವುದಿಲ್ಲ.

ಇಲ್ಲೇ ಜಾಸ್ತಿ ಜನ ತಪ್ಪುವುದು. ಮಂಜೂರಾದ ನಕ್ಷೆ ಕೈಯಲ್ಲಿದ್ದರೆ ಪಕ್ಕದವರ ನೆಲದ ಮೇಲೆ ಹಾಯುವ ಹಕ್ಕು ಬಂತು ಅಂದುಕೊಳ್ಳುತ್ತಾರೆ. ಬರುವುದಿಲ್ಲ. ನಕ್ಷೆ ಹೇಳುವುದು ಸರ್ಕಾರದ ಕಡೆಯಿಂದ ಅಡ್ಡಿ ಇಲ್ಲ ಅಂತ ಮಾತ್ರ. ಅಣ್ಣನ ನೆಲದ ಮೇಲೆ ಹಕ್ಕು ಬೇಕಾದರೆ ಅಣ್ಣನಿಂದಲೋ ಕಾನೂನಿನಿಂದಲೋ ಬರಬೇಕು. ಹೀಗೆ ಇನ್ನೊಬ್ಬರ ನೆಲದ ಮೇಲೆ ಇರುವ ಬಳಕೆಯ ಹಕ್ಕೇ ಈಸ್‌ಮೆಂಟ್. ಅದಕ್ಕೆ ತೆರೆಯಬೇಕಾದ್ದು 1882ರ ಈಸ್‌ಮೆಂಟ್ ಕಾಯ್ದೆ.

ಕಲಂ 13 ನೋಡಿ. ವಾಟ್ನಿಯಲ್ಲಿ ಬಂದ ಹೋಳಿಗೆ ಇನ್ನೊಬ್ಬರ ಹೋಳಿನ ಮೂಲಕ ಹೋಗದೆ ಗತಿಯೇ ಇಲ್ಲದಿದ್ದರೆ, ಪತ್ರದಲ್ಲಿ ಬರೆಯದಿದ್ದರೂ ದಾರಿಯ ಹಕ್ಕು ಇರುತ್ತದೆ. ಇದು ಅಗತ್ಯದ ಹಕ್ಕು. ಆ ದಾರಿ ಅನುಕೂಲ ಅನ್ನುವುದು ಸಾಲದು, ಬೇರೆ ದಾರಿ ಇಲ್ಲ ಅಂತ ತೋರಿಸಬೇಕು. ಹಾಗಾಗಿ ಹಿಂದಿನವರ ಓಡಾಟವನ್ನು ಅಣ್ಣ ಪೂರಾ ಬಂದ್ ಮಾಡುವಂತಿಲ್ಲ.

ಕಾರು? ಇದಕ್ಕೆ ಕಲಂ 28ನ್ನು ನಿಧಾನವಾಗಿ ಓದಿ. ಅಗತ್ಯದ ಹಕ್ಕು ಹುಟ್ಟಿದ ಹೊತ್ತಿಗೆ ಅಗತ್ಯ ಎಷ್ಟಿತ್ತೋ ಹಕ್ಕೂ ಅಷ್ಟೇ. ಜೊತೆಗೆ, ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರುವುದಿಲ್ಲ. ಕಾಲುದಾರಿ ಇದ್ದವರಿಗೆ ಗಾಡಿ ದಾರಿ ಸುಮ್ನೆ ಸಿಗಲ್ಲ. ಮೂರು ಅಂತಸ್ತು ಕಟ್ಟಿ ಓಡಾಟ ಹೆಚ್ಚಿಸಿದರೆ ಕಲಂ 29 ಅಡ್ಡ ಬರುತ್ತದೆ: ತನ್ನ ಆಸ್ತಿಯನ್ನು ಬದಲಿಸಿದ ಮಾತ್ರಕ್ಕೆ ಪಕ್ಕದವರ ನೆಲದ ಮೇಲಿನ ಹಕ್ಕನ್ನು ಗಣನೀಯವಾಗಿ ಹಿಗ್ಗಿಸಲು ಬರುವುದಿಲ್ಲ. ಹಿಂದಿನ ಹೋಳನ್ನೇ ಮತ್ತೆ ಇಬ್ಬರಿಗೆ ಮಾರಿದರೆ? ಕಲಂ 30ರ ಪ್ರಕಾರ ಇಬ್ಬರಿಗೂ ದಾರಿ ಉಂಟು, ಆದರೆ ಮುಂದಿನವರ ಮೇಲೆ ಹೊರೆ ಗಣನೀಯವಾಗಿ ಹೆಚ್ಚಬಾರದು. ಪರೀಕ್ಷೆಯಲ್ಲಿ 28, 29, 30 ಈ ಮೂರನ್ನೂ ಒಂದೇ ಉತ್ತರದಲ್ಲಿ ಜೋಡಿಸಿ ಬರೆಯಿರಿ.

ಬಹುಕಾಲ ಬಳಸಿದ್ದರಿಂದ ಬರುವ ಹಕ್ಕು (ಪ್ರಿಸ್ಕ್ರಿಪ್ಷನ್) ಕಲಂ 15ರಲ್ಲಿದೆ. 20 ವರ್ಷ, ಬಹಿರಂಗವಾಗಿ, ತಡೆಯಿಲ್ಲದೆ, ತನ್ನ ಹಕ್ಕು ಅಂತ ಬಳಸಿರಬೇಕು. 'ಇರ್ಲಿ ತಗೋರಿ, ಇಲ್ಲೇ ಹಾದು ಹೋಗ್ರಿ' ಅಂತ ಅಣ್ಣ ಒಪ್ಪಿಗೆ ಕೊಟ್ಟ ಓಡಾಟ ಈ ಲೆಕ್ಕಕ್ಕೆ ಬರಲ್ಲ. ನಮ್ಮ ಕಡೆ ದಾರಿ ಬಿಡುವುದು ಹೆಚ್ಚಾಗಿ ಇಂಥ ಪ್ರೀತಿಯ ಮಾತಿನಿಂದಲೇ ಅಲ್ವಾ? ಅದಕ್ಕೇ ಈ ಅಂಶ ಮುಖ್ಯ.

ಇನ್ನೊಂದು ಸೂಕ್ಷ್ಮ. ಹಿಂದಿನ ಹೊಲ ಎನ್.ಎ. (ಕೃಷಿಯೇತರ ಜಮೀನು) ಆಗಿ ಲೇಔಟ್ ಬಂತು, ಹಿಂಭಾಗಕ್ಕೆ ಸಾರ್ವಜನಿಕ ರಸ್ತೆ ತಾಗಿತು ಅಂತಿಟ್ಟುಕೊಳ್ಳಿ. ಅಗತ್ಯ ಮುಗಿಯಿತು, ಕಲಂ 41ರಂತೆ ಅಗತ್ಯದ ಹಕ್ಕೂ ಮುಗಿಯಿತು. ಆದರೆ ಪತ್ರದಲ್ಲಿ ಬರೆದುಕೊಟ್ಟ ದಾರಿ ಈ ಕಾರಣಕ್ಕೆ ಹೋಗುವುದಿಲ್ಲ. ಬರೆದ ಹಕ್ಕಿಗೂ ಅಗತ್ಯದ ಹಕ್ಕಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಹಾಗಾದರೆ ಪತ್ರದಲ್ಲಿ ಹೇಗಿರಬೇಕು? ಹೀಗಿದ್ದರೆ ಚೆನ್ನ: 'ಪೂರ್ವ ಬದಿಗೆ ರಸ್ತೆಯಿಂದ ಹಿಂದಿನ ಪ್ಲಾಟಿನವರೆಗೆ 10 ಅಡಿ ಅಗಲ, 30 ಅಡಿ ಉದ್ದದ ಜಾಗ ಮುಂದಿನ ಪ್ಲಾಟಿನವರ ಮಾಲಕಿಯಲ್ಲೇ ಇದ್ದು, ಹಿಂದಿನ ಪ್ಲಾಟಿನವರು ಮತ್ತು ಅವರಿಂದ ಕೊಂಡವರು ನಡೆದು ಹಾಗೂ ಕಾರು ಸಹಿತ ಎಲ್ಲ ವಾಹನದಲ್ಲಿ ಯಾವಾಗಲೂ ಓಡಾಡತಕ್ಕದ್ದು, ಇಬ್ಬರೂ ಅಲ್ಲಿ ವಾಹನ ನಿಲ್ಲಿಸತಕ್ಕದ್ದಲ್ಲ, ದುರಸ್ತಿ ಖರ್ಚು ಸಮಪಾಲು.' ನೀರಿನ ಪೈಪು, ಕರೆಂಟಿನ ಕೇಬಲ್ಲು ಹಾಕುವ ಮಾತೂ ಸೇರಿಸಿ. ನಕ್ಷೆ ಲಗತ್ತಿಸಿ. 100 ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿ ಹಕ್ಕು ಹುಟ್ಟಿಸುವ ಪತ್ರವನ್ನು ನೋಂದಣಿ ಕಾಯ್ದೆ, 1908ರ ಕಲಂ 17ರಂತೆ ರಿಜಿಸ್ಟರ್ ಮಾಡಿಸಲೇಬೇಕು.

ನಮ್ಮ ಪ್ರಕರಣದಲ್ಲಿ ಹಾಗೆ ಬರೆದಿಲ್ಲವಲ್ಲ. ಕೊಂಡವರು ಸಿವಿಲ್ ಕೋರ್ಟಿನಲ್ಲಿ ಘೋಷಣೆ (ತಮಗೆ ಹಕ್ಕಿದೆ ಅನ್ನುವ ತೀರ್ಪು) ಮತ್ತು ಶಾಶ್ವತ ನಿರ್ಬಂಧಕಾಜ್ಞೆ (ಅಣ್ಣ ಅಡ್ಡಿ ಮಾಡಬಾರದು ಅನ್ನುವ ಆಜ್ಞೆ) ಕೇಳುತ್ತಾರೆ. ಅದು ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಕಲಂ 34 ಮತ್ತು 38. ಅಣ್ಣ ಈಗಾಗಲೇ ಗೇಟು ಕಟ್ಟಿದ್ದರೆ ತೆಗೆಸಲು ಕಲಂ 39. ಜಾಗದಲ್ಲಿ ದಾರಿ ನಿಜವಾಗಿ ಎಷ್ಟು ಅಗಲ ಇದೆ ಅಂತ ಅಳೆದು ವರದಿ ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಕೋರ್ಟ್ ಕಮಿಷನರ್‌ರನ್ನು ನೇಮಿಸಬಹುದು. ಆ ವರದಿಯಲ್ಲಿ 5 ಅಡಿ ಫರಸಿ ಕಂಡುಬಂದು, ಗಾಡಿ ಓಡಿದ್ದಕ್ಕೆ ಸಾಕ್ಷಿ ಸಿಗದಿದ್ದರೆ, ಕೊಂಡವರಿಗೆ ಉಳಿಯುವುದು ನಡೆದು ಹೋಗುವ ದಾರಿ. ಕಾರಿಗೆ ಬೇಕಾದ ಇನ್ನುಳಿದ 5 ಅಡಿಯನ್ನೂ ಫರಸಿಯ ಮೇಲೆ ಗಾಡಿ ಓಡಿಸುವ ಹಕ್ಕನ್ನೂ ಅವರು ಅಣ್ಣನಿಂದ ದುಡ್ಡು ಕೊಟ್ಟು ಕೊಂಡುಕೊಳ್ಳಬೇಕಾಗುತ್ತದೆ.